ಹೊಸ ಹೋಲ್ಸ್ಟರ್ ಪಿಸ್ತೂಲನ್ನು ಬಿಡುತ್ತಲೇ ಇಲ್ಲ, ಎಣ್ಣೆ ಹಚ್ಚಲೇ?

ಪ್ರಶ್ನೆ: ಕೆಲಸದ ನಿಮಿತ್ತ ದಿನವೂ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಳ್ಳಬೇಕಾದವನು ನಾನು. ಇಷ್ಟು ವರ್ಷ ನೈಲಾನ್ ಹೋಲ್ಸ್ಟರ್ ಬಳಸುತ್ತಿದ್ದೆ. ಕಳೆದ ವಾರ ದಪ್ಪ ಚರ್ಮದ, ಪಿಸ್ತೂಲಿನ ಆಕಾರಕ್ಕೇ ಅಚ್ಚು ಹಾಕಿದ ಹೋಲ್ಸ್ಟರ್ ಕೊಂಡೆ. ಒಳಗೆ ತುರುಕುವುದೇ ಕಷ್ಟ, ಹೊರಗೆ ಎಳೆಯುವುದು ಅದಕ್ಕಿಂತ ಕಷ್ಟ. ಎಳೆದರೆ ಬೆಲ್ಟೇ ಮೇಲೆದ್ದು ಬರುತ್ತದೆ. ಎಡಗೈಯಲ್ಲಿ ಹೋಲ್ಸ್ಟರನ್ನು ಕೆಳಗೆ ಒತ್ತಿ ಹಿಡಿದರೆ ಮಾತ್ರ ಬಿಡುತ್ತದೆ. ಮೊನ್ನೆ ಜೋರಾಗಿ ಎಳೆದಾಗ ಒಮ್ಮೆಲೇ ಕಿತ್ತು ಬಂದು ಕೈ ಎದೆಯ ಎತ್ತರಕ್ಕೆ ಹಾರಿತು. ಮೇಲಿನ ಪಟ್ಟಿಯ ಗುಂಡಿಯೂ ಕೂರುವುದಿಲ್ಲ, ಅರ್ಧ ಬೆರಳಿನಷ್ಟು ಹಿಂದೆಯೇ ನಿಲ್ಲುತ್ತದೆ. ಒಬ್ಬರು ಎಣ್ಣೆ ಹಚ್ಚು ಅನ್ನುತ್ತಾರೆ. ಇನ್ನೊಬ್ಬರು ಬಿಸಿನೀರಿನಲ್ಲಿ ನೆನೆಸಿ ಹೇರ್ ಡ್ರೈಯರ್ ಹಿಡಿ ಅನ್ನುತ್ತಾರೆ. ಮತ್ತೊಬ್ಬರ ಸಲಹೆ, ಒಳಗೆ ಉಪ್ಪುಕಾಗದ ಹಾಕಿ ಉಜ್ಜು ಅಂತ. ಯಾವುದು ಸರಿ? ಅಥವಾ ನಾನು ಅಳತೆ ತಪ್ಪಿ ಕೊಂಡೆನೇ?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ‘ಕಿತ್ತು ಬಂದು ಕೈ ಎದೆಯ ಎತ್ತರಕ್ಕೆ ಹಾರಿತು’ ಎಂಬಲ್ಲಿ. ಆ ಹೊತ್ತಿಗೆ ಪಿಸ್ತೂಲಿನಲ್ಲಿ ಗುಂಡು ಇತ್ತೋ ಇಲ್ಲವೋ ನೀವು ಬರೆದಿಲ್ಲ. ಇತ್ತು ಅಂತಾದರೆ, ದಯವಿಟ್ಟು ಇನ್ನು ಆ ಹೋಲ್ಸ್ಟರಿನಲ್ಲಿ ಗುಂಡು ತುಂಬಿದ ಪಿಸ್ತೂಲು ಇಡಬೇಡಿ, ಅದು ಪಳಗುವವರೆಗೆ ಹಳೆಯದನ್ನೇ ಕಟ್ಟಿಕೊಳ್ಳಿ. ಬಲ ಹಾಕಿ ಎಳೆಯುವ ಕೈ ಹಿಡಿಯನ್ನು ಸಹಜಕ್ಕಿಂತ ಬಿಗಿಯಾಗಿ ಹಿಡಿದಿರುತ್ತದೆ. ಚರ್ಮ ಒಮ್ಮೆಲೇ ಬಿಟ್ಟಾಗ ಆ ಬಿಗಿತದಲ್ಲೇ ತೋರುಬೆರಳು ಮಡಚಿ ಟ್ರಿಗರಿನ ಮೇಲೆ ಬೀಳಬಹುದು. ಎಡಗೈಯಿಂದ ಹೋಲ್ಸ್ಟರ್ ಒತ್ತಿ ಹಿಡಿಯುವುದು ಇನ್ನೂ ಕೆಟ್ಟದ್ದು. ನಳಿಗೆ ಹೊರಬರುವ ದಾರಿಯಲ್ಲೇ ನಿಮ್ಮ ಕೈ ಇರುತ್ತದೆ.

ಮುಂದೆ ನಾನು ಹೇಳುವ ಎಲ್ಲ ಕೆಲಸವೂ ಖಾಲಿ ಪಿಸ್ತೂಲಿನಲ್ಲಿ. ಮೊದಲು ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೆಗೆಯಿರಿ, ಆಮೇಲೆ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಹಿಂದಕ್ಕೆ ಎಳೆದು ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂತುದಿಯ ಗುಂಡು ಕೂರುವ ಗೂಡಿನಲ್ಲಿ, ಇರುವುದನ್ನು ಹೊರಗೆ ಹಾಕಿ. ಈ ಎರಡರ ಅನುಕ್ರಮ ತಪ್ಪಬಾರದು. ಮ್ಯಾಗಜಿನ್ ಒಳಗಿರುವಾಗಲೇ ಸ್ಲೈಡ್ ಎಳೆದು ಬಿಟ್ಟರೆ ಇನ್ನೊಂದು ಗುಂಡು ಚೇಂಬರಿಗೆ ಹೋಗಿ ಕೂರುತ್ತದೆ. ಸ್ಲೈಡ್ ತೆರೆದಿಟ್ಟು ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿಯೂ ನೋಡಿ. ಗುಂಡುಗಳು ಬೇರೆ ಕೋಣೆಯಲ್ಲಿರಲಿ. ಇಪ್ಪತ್ತಕ್ಕೂ ಹೆಚ್ಚು ವರ್ಷ ಹೋಲ್ಸ್ಟರ್ ಹೊಲಿಯುವ ಕೆಲಸ ಮಾಡುತ್ತಿದ್ದರೂ ಮೇಜಿಗೆ ಬಂದ ಪ್ರತಿಯೊಂದು ಪಿಸ್ತೂಲಿಗೂ ನಾನು ಇಷ್ಟನ್ನೂ ಮಾಡಿಯೇ ಮುಟ್ಟುವುದು.

ಈಗ ನಿಮ್ಮ ಕೊನೆಯ ಪ್ರಶ್ನೆ, ಅಳತೆ ತಪ್ಪಿತೇ ಎಂಬುದು. ಬಹುಮಟ್ಟಿಗೆ ಇಲ್ಲ. ಅಚ್ಚು ಹಾಕಿದ ಚರ್ಮದ ಹೋಲ್ಸ್ಟರ್ ಹೊಸದರಲ್ಲಿ ಬಿಗಿಯಾಗಿರುವುದೇ ಸರಿ. ಮೊದಲ ದಿನವೇ ಬೆಣ್ಣೆಯ ಹಾಗೆ ಜಾರುವ ಹೋಲ್ಸ್ಟರ್ ಯಾರಾದರೂ ಕೊಟ್ಟರೆ ನನಗೆ ಅನುಮಾನ ಬರುತ್ತದೆ, ಏಕೆಂದರೆ ಚರ್ಮ ದಿನಕಳೆದಂತೆ ಹಿಗ್ಗುತ್ತದೆಯೇ ಹೊರತು ತಾನಾಗಿ ಬಿಗಿಯಾಗುವುದಿಲ್ಲ. ಇಂದು ಸಲೀಸಾಗಿರುವುದು ವರ್ಷ ತುಂಬುವಷ್ಟರಲ್ಲಿ ಸಡಿಲ.

ಇದನ್ನು ತಯಾರಿಸುವ ಬಗೆ ಗೊತ್ತಾದರೆ ಉಳಿದದ್ದೆಲ್ಲ ತಾನೇ ಅರ್ಥವಾಗುತ್ತದೆ. ಒಳ್ಳೆಯ ಹೋಲ್ಸ್ಟರಿಗೆ ಬಳಸುವುದು ಮರದ ತೊಗಟೆ, ಎಲೆಗಳ ಒಗರಿನಲ್ಲಿ ಹದ ಮಾಡಿದ ಚರ್ಮ. ದಪ್ಪ ಸಾಮಾನ್ಯವಾಗಿ 7ರಿಂದ 9 ಔನ್ಸ್. ಚರ್ಮದ ಲೆಕ್ಕದಲ್ಲಿ ಒಂದು ಔನ್ಸ್ ಎಂದರೆ ಇಂಚಿನ 64ರಲ್ಲಿ ಒಂದು ಪಾಲು, ಅಂದರೆ ಸುಮಾರು 0.4 ಮಿಲಿಮೀಟರ್. ಹಾಗಾಗಿ ನಿಮ್ಮ ಹೋಲ್ಸ್ಟರಿನ ಒಂದೊಂದು ಪದರ ಮೂರು ಮಿಲಿಮೀಟರಿನ ಆಸುಪಾಸು ಇರುತ್ತದೆ. ಹೊಲಿಗೆ ಮುಗಿದ ಮೇಲೆ ಅದನ್ನು ನೀರಿನಲ್ಲಿ ಅದ್ದಿ ತೆಗೆಯುತ್ತೇವೆ. ನೀರು ಕುಡಿದ ಚರ್ಮ ಹದವಾದ ಜೇಡಿಮಣ್ಣಿನ ಹಾಗೆ, ಒತ್ತಿದಲ್ಲಿ ತಗ್ಗುತ್ತದೆ. ಒಳಗೆ ಪಿಸ್ತೂಲಿನ ಪಡಿಯಚ್ಚು ಇಟ್ಟು, ಮೂಳೆಯ ಕಡ್ಡಿಯಿಂದ ಟ್ರಿಗರ್ ಗಾರ್ಡಿನ (ಟ್ರಿಗರನ್ನು ಸುತ್ತುವರಿದ ಬಳೆಯ) ಸುತ್ತ, ಖಾಲಿ ತೋಟಾ ಹಾರುವ ಕಿಂಡಿಯ ಅಂಚಿನಲ್ಲಿ ತೀಡುತ್ತ ಹೋಗುತ್ತೇವೆ. ಒಣಗಿದ ಮೇಲೆ ಚರ್ಮದ ನಾರುಗಳು ಆ ಆಕಾರದಲ್ಲೇ ಗಡಸಾಗಿ ನಿಲ್ಲುತ್ತವೆ. ಪಿಸ್ತೂಲನ್ನು ಒಳಗೆ ಹಿಡಿದಿಡುವುದು ಮುಖ್ಯವಾಗಿ ಈ ತಗ್ಗುಗಳು. ಸರಿಯಾಗಿ ಕೂತಾಗ ಟ್ರಿಗರ್ ಗಾರ್ಡಿನ ಬಳಿ ‘ಟಕ್’ ಎಂದು ಸಣ್ಣ ಸದ್ದು ಬರುವುದು ಅದರಿಂದಲೇ.

ಅಂದ ಮೇಲೆ ನಾವು ಪಳಗಿಸಬೇಕಾದದ್ದು ಆ ತಗ್ಗುಗಳ ಸುತ್ತಲಿನ ಒಂದು ಕೂದಲೆಳೆಯಷ್ಟು ಜಾಗವನ್ನು. ಇಡೀ ಚರ್ಮವನ್ನು ಮೆತ್ತಗೆ ಮಾಡುವ ಯಾವ ಉಪಾಯವೂ ಆ ಹಿಡಿತವನ್ನೇ ಕಳೆಯುತ್ತದೆ. ನಿಮಗೆ ಬಂದಿರುವ ಮೂರು ಸಲಹೆಗಳೂ ಎಡವುವುದು ಇಲ್ಲೇ.

ಎಣ್ಣೆಯ ವಿಷಯ. ಹೊಸ ಚಪ್ಪಲಿ ಕಚ್ಚಿದರೆ ಎಣ್ಣೆ ಸವರುತ್ತೇವಲ್ಲ, ಅದೇ ಬುದ್ಧಿ ಇಲ್ಲೂ ಓಡುತ್ತದೆ. ಚಪ್ಪಲಿ ಮೆತ್ತಗಾದರೆ ಕಾಲಿಗೆ ಹಿತ. ಹೋಲ್ಸ್ಟರ್ ಮೆತ್ತಗಾದರೆ ಅದರ ಬಾಯಿ ಕುಸಿಯುತ್ತದೆ. ನನ್ನ ಬಳಿ ಒಬ್ಬರು ಹೀಗೆ ಎಣ್ಣೆಯಲ್ಲಿ ಅದ್ದಿ ತೆಗೆದ ಹೋಲ್ಸ್ಟರ್ ತಂದಿದ್ದರು, ನಾನೇ ಹೊಲಿದುಕೊಟ್ಟದ್ದು. ಬಣ್ಣ ಕಪ್ಪಿಟ್ಟಿತ್ತು, ಹಿಡಿದರೆ ನೆನೆದ ಹಪ್ಪಳದ ಹಾಗೆ ಜೋಲುತ್ತಿತ್ತು. ಅವರ ಖಾಲಿ ಪಿಸ್ತೂಲನ್ನು ಅವರ ಎದುರೇ ನಿಧಾನವಾಗಿ ಒಳಗೆ ಇಳಿಸಿ ತೋರಿಸಿದೆ. ಬಾಯಿಯ ಅಂಚು ಒಳಕ್ಕೆ ಮಡಚಿಕೊಂಡು ನೇರ ಟ್ರಿಗರ್ ಗಾರ್ಡಿನೊಳಗೆ ಹೋಯಿತು. ಇನ್ನಷ್ಟು ಒತ್ತಿದಾಗ ಆ ಮಡಿಕೆಯೇ ಬೆರಳಿನ ಕೆಲಸ ಮಾಡಿತು, ‘ಕ್ಲಿಕ್’ ಎಂಬ ಸದ್ದು ಇಬ್ಬರಿಗೂ ಕೇಳಿಸಿತು. ಅವರ ಮುಖ ಬಿಳಿಚಿಕೊಂಡದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅದೇ ಹೋಲ್ಸ್ಟರನ್ನು ಅವರು ಎರಡು ತಿಂಗಳು ಸೊಂಟದಲ್ಲಿ ಕಟ್ಟಿ ಓಡಾಡಿದ್ದರು. ಜೋಲುಬಿದ್ದ ಚರ್ಮ ಟ್ರಿಗರಿಗೆ ಸಿಕ್ಕಿ, ಪಿಸ್ತೂಲು ಒಳಗಿಡುವಾಗ ಗುಂಡು ಹಾರಿದ ಪ್ರಕರಣಗಳು ನಿಜವಾಗಿಯೂ ನಡೆದಿವೆ. ಕುಡಿದ ಎಣ್ಣೆಯನ್ನು ಚರ್ಮದಿಂದ ಹಿಂಡಿ ತೆಗೆಯಲು ಬರುವುದಿಲ್ಲ. ಆ ಹೋಲ್ಸ್ಟರನ್ನು ನಾನು ಕತ್ತರಿಸಿ ಹಾಕಿದೆ. ದನದ ಕಾಲಿನ ಮೂಳೆಯಿಂದ ತೆಗೆಯುವ ನೀಟ್ಸ್‌ಫುಟ್ ಎಣ್ಣೆ, ಕುದುರೆಯ ಜೀನಿಗೆ ಹಚ್ಚುವ ಮುಲಾಮು, ಬಂದೂಕಿನ ಎಣ್ಣೆ ಎಲ್ಲಕ್ಕೂ ಇದೇ ಮಾತು.

ಬಿಸಿನೀರು ಮತ್ತು ಹೇರ್ ಡ್ರೈಯರ್ ಜೋಡಿ ಎಣ್ಣೆಗಿಂತ ಬೇಗ ಹಾಳು ಮಾಡುತ್ತದೆ. ಒಗರಿನಲ್ಲಿ ಹದವಾದ ಚರ್ಮ ಒದ್ದೆಯಾಗಿರುವಾಗ ಸುಮಾರು 70ರಿಂದ 85 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ನಾರುಗಳು ಸುರುಟಿಕೊಂಡು ಶಾಶ್ವತವಾಗಿ ಕುಗ್ಗುತ್ತವೆ. ಆಮೇಲೆ ಅದು ಒಣಗಿದರೆ ಸೌದೆಯಷ್ಟು ಗಟ್ಟಿ, ಬಗ್ಗಿಸಿದರೆ ಬಿರುಕು. ಬಿಗಿ ಬಿಡಿಸಲು ಹೋಗಿ ಇನ್ನೂ ಚಿಕ್ಕದು ಮಾಡಿಕೊಂಡಂತೆ. ತಣ್ಣೀರಿನಲ್ಲಿ ನೆನೆಸಿದರೂ ತಯಾರಕರು ಹಾಕಿದ ಅಚ್ಚು ಕಲಸಿಹೋಗುತ್ತದೆ. ಮತ್ತೆ ತೀಡಿ ಕೂರಿಸುವುದು ಕೈ ಪಳಗಿದವರ ಕೆಲಸ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಹೋಲ್ಸ್ಟರ್ ಬಿಡಬೇಡಿ ಅನ್ನುವುದೂ ಈ ಕಾರಣಕ್ಕೇ.

ಉಪ್ಪುಕಾಗದ ಬೇಡ. ಒಳಮೈ ನುಣುಪು ಹೋಗಿ ತರಿತರಿಯಾದರೆ ಘರ್ಷಣೆ ಹೆಚ್ಚುತ್ತದೆ, ಸಾಲದ್ದಕ್ಕೆ ಕಾಗದದಿಂದ ಉದುರಿದ ಹರಳಿನ ಪುಡಿ ಚರ್ಮದಲ್ಲಿ ಸಿಕ್ಕಿಕೊಂಡು ಪಿಸ್ತೂಲಿನ ಮೈಯನ್ನು ಗೀರುತ್ತದೆ.

ಸರಿ, ಮಾಡುವುದೇನು? ಹೋಲ್ಸ್ಟರನ್ನು ಮುಟ್ಟುವ ಮೊದಲು ಮೂರು ಸಂಗತಿ ನೋಡಿಕೊಳ್ಳಿ. ಬಿಗಿ ಅಂತ ನನ್ನ ಬಳಿ ಬರುವ ಹೋಲ್ಸ್ಟರುಗಳಲ್ಲಿ ಎಷ್ಟೋ ಇಲ್ಲಿಗೇ ಸರಿಹೋಗುತ್ತವೆ.

ಒಂದು, ಬೆಲ್ಟು. ‘ಬೆಲ್ಟೇ ಮೇಲೆದ್ದು ಬರುತ್ತದೆ’ ಅಂದಿದ್ದೀರಿ. ನೈಲಾನ್ ಹೋಲ್ಸ್ಟರಿಗೆ ಕಟ್ಟುತ್ತಿದ್ದ ತೆಳು ಬೆಲ್ಟನ್ನೇ ಇದಕ್ಕೂ ಕಟ್ಟಿದ್ದೀರಿ ಅಂತ ನನ್ನ ಊಹೆ. ಬೆಲ್ಟು ತೂರಿಸುವ ಹೋಲ್ಸ್ಟರಿನ ಸೀಳು 38 ಮಿಲಿಮೀಟರಿನದಾಗಿ, ಬೆಲ್ಟು 32ರದ್ದಾದರೆ, ಎಳೆದಾಗ ಹೋಲ್ಸ್ಟರ್ ಮೊದಲು ಆ ಆರು ಮಿಲಿಮೀಟರ್ ಮೇಲೇರಿ, ಓರೆಯಾಗಿ ತಿರುಗಿ, ಪಿಸ್ತೂಲನ್ನು ಅಡ್ಡಕ್ಕೆ ಕಚ್ಚಿ ಹಿಡಿಯುತ್ತದೆ. ಸೀಳಿನ ಅಗಲಕ್ಕೆ ಸರಿಹೊಂದುವ, ಕೈಯಲ್ಲಿ ಅಡ್ಡಲಾಗಿ ಹಿಡಿದರೆ ಜೋಲದ ಗಟ್ಟಿ ಬೆಲ್ಟು ಕಟ್ಟಿ ನೋಡಿ. ಅರ್ಧ ಬಿಗಿ ಅಲ್ಲೇ ಹೋಗಬಹುದು.

ಎರಡು, ಎಳೆಯುವ ದಿಕ್ಕು. ಕತ್ತಿಯನ್ನು ಒರೆಯಿಂದ ಹಿರಿಯುವಾಗ ಒರೆಯ ನೇರಕ್ಕೇ ಹಿರಿಯಬೇಕಷ್ಟೆ? ಇಲ್ಲಿಯೂ ಹಾಗೆಯೇ. ಸೊಂಟಕ್ಕೆ ಕಟ್ಟುವ ಬಹಳಷ್ಟು ಹೋಲ್ಸ್ಟರುಗಳಲ್ಲಿ ಪಿಸ್ತೂಲಿನ ಹಿಡಿ ಸುಮಾರು 15 ಡಿಗ್ರಿ ಮುಂದಕ್ಕೆ ವಾಲಿರುತ್ತದೆ. ಅದನ್ನು ಗಮನಿಸದೆ ನೆಟ್ಟಗೆ ಮೇಲಕ್ಕೋ, ಮೈಯಿಂದ ಆಚೆಗೋ ಎಳೆದರೆ ನಳಿಗೆಯ ತುದಿ ಒಳಗೋಡೆಗೆ ಊರಿಕೊಳ್ಳುತ್ತದೆ. ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತು ಖಾಲಿ ಪಿಸ್ತೂಲನ್ನು ನಿಧಾನವಾಗಿ ಎಳೆಯಿರಿ. ನಿಮ್ಮ ಕೈ ಹೋಲ್ಸ್ಟರಿನ ಓರೆಯಲ್ಲೇ ಸಾಗುತ್ತಿದೆಯೇ, ನಳಿಗೆಯ ತುದಿ ಪೂರ್ತಿ ಹೊರಬರುವವರೆಗೂ ಅದೇ ಗೆರೆಯಲ್ಲಿದೆಯೇ ನೋಡಿ. ನೈಲಾನ್ ಸಂಚಿ ಯಾವ ದಿಕ್ಕಿಗೆ ಎಳೆದರೂ ಬಗ್ಗಿ ದಾರಿ ಬಿಡುತ್ತದೆ. ವರ್ಷಗಟ್ಟಲೆ ಅದನ್ನು ಬಳಸಿದ ಕೈಗೆ ಒಂದು ಸೊಟ್ಟ ರೂಢಿಯಾಗಿರುತ್ತದೆ, ಅದು ನಮಗೆ ಗೊತ್ತೂ ಆಗುವುದಿಲ್ಲ.

ಮೂರು, ಮಾದರಿ. ಹೋಲ್ಸ್ಟರಿನ ಬೆನ್ನಿನಲ್ಲಿ ಯಾವ ಪಿಸ್ತೂಲಿಗೆ ಎಂದು ಒತ್ತಿರುತ್ತಾರೆ, ಅದನ್ನು ನಿಮ್ಮ ಪಿಸ್ತೂಲಿನ ಪೂರ್ತಿ ಹೆಸರಿನೊಂದಿಗೆ ಹೋಲಿಸಿ. ಒಂದೇ ಹೆಸರಿನ ಪಿಸ್ತೂಲಿನಲ್ಲೂ ನಳಿಗೆಯ ಕೆಳಗೆ ದೀಪ ಸಿಕ್ಕಿಸುವ ರೈಲ್ ಇರುವುದು, ಇಲ್ಲದ್ದು ಎಂದು ಎರಡು ಬಗೆ ಇರುತ್ತವೆ. ರೈಲ್ ಇಲ್ಲದ್ದಕ್ಕೆ ಅಚ್ಚು ಹಾಕಿದ ಹೋಲ್ಸ್ಟರಿಗೆ ರೈಲ್ ಇರುವುದನ್ನು ತುರುಕಿದರೆ ಅದರ ಚೂಪು ಮೂಲೆಗಳು ಚರ್ಮವನ್ನು ಕೆರೆಯುತ್ತವೆ. ಗುರಿ ನೋಡಲು ಪಿಸ್ತೂಲಿನ ಮೇಲಿರುವ ಗುರಿಕಣ್ಣು ಬದಲಿಸಿ ಎತ್ತರದ್ದು ಹಾಕಿಸಿದ್ದರೂ ಇದೇ ತೊಂದರೆ. ಇನ್ನೊಂದು, ಹೋಲ್ಸ್ಟರಿನಲ್ಲಿ ಬಿಗಿ ಹೊಂದಿಸುವ ತಿರುಪು ಇದೆಯೇ ನೋಡಿ. ಇದ್ದರೆ ಕಾಲು ಸುತ್ತು ಸಡಿಲಿಸಿ ಪರೀಕ್ಷಿಸಿ.

ಈ ಮೂರೂ ಸರಿಯಿದ್ದು ಬಿಗಿ ಹಾಗೇ ಇದ್ದರೆ, ಎಲ್ಲಿ ಕಚ್ಚುತ್ತಿದೆ ಎಂದು ಹುಡುಕಬೇಕು. ಹತ್ತು ಸಲ ಹಾಕಿ ತೆಗೆದು, ಟಾರ್ಚ್ ಬಿಟ್ಟು ಒಳಗೆ ನೋಡಿ. ಕಚ್ಚುವ ಜಾಗದಲ್ಲಿ ಚರ್ಮ ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ. ಆ ಹೊಳಪು ಟ್ರಿಗರ್ ಗಾರ್ಡಿನ ಸುತ್ತ ಇದ್ದರೆ ಅದು ಒಳ್ಳೆಯ ಬಿಗಿ, ಪಳಗುತ್ತದೆ. ಮುಂದಿನ ಗುರಿಕಣ್ಣಿನ ಹಿಂಬದಿಯಲ್ಲಿ ಚರ್ಮದ ಸಣ್ಣ ಸಿಪ್ಪೆ, ಪುಡಿ ಅಂಟಿದ್ದರೆ, ಗುರಿಕಣ್ಣು ಸಾಗುವ ಕಾಲುವೆ ಕುಸಿದಿದೆ ಎಂದರ್ಥ. ಹಾಗಿದ್ದರೆ ಚೀನೀಯರ ಊಟದ ಕಡ್ಡಿಯಂಥ (ಚಾಪ್‌ಸ್ಟಿಕ್) ನುಣುಪಾದ ಮರದ ಕಡ್ಡಿಯನ್ನು ಒಳಗಿನಿಂದ ಆ ಕಾಲುವೆಯುದ್ದಕ್ಕೂ ಒತ್ತಿ ನಾಲ್ಕಾರು ಸಲ ತೀಡಿದರೆ ದಾರಿ ತೆರೆಯುತ್ತದೆ.

ಇನ್ನು ಪಳಗಿಸುವ ಕೆಲಸ. ನಾನೂ ನನ್ನಂಥ ಅನೇಕ ತಯಾರಕರೂ ಹೇಳುವುದು ಒಂದೇ ಉಪಾಯ, ಪ್ಲಾಸ್ಟಿಕ್ ಚೀಲ. ಕೊಂಚ ದಪ್ಪನೆಯ ಪ್ಲಾಸ್ಟಿಕ್ ಚೀಲದಲ್ಲಿ ಖಾಲಿ ಪಿಸ್ತೂಲನ್ನು ಇಟ್ಟು, ಮಡಿಕೆಗಳನ್ನು ಕೈಯಿಂದ ನೀವಿ ಸರಿಮಾಡಿ. ಒಂದೇ ಪದರ ಸಾಕು. ಹಾಗೆಯೇ ಅದನ್ನು ಹೋಲ್ಸ್ಟರಿನ ತಳ ಮುಟ್ಟುವವರೆಗೆ ಇಳಿಸಿ. ಪ್ಲಾಸ್ಟಿಕ್ ಜಾರುವುದರಿಂದ ಇಳಿಯುವುದು ಅಷ್ಟೇನೂ ಕಷ್ಟವಾಗದು. ಇಳಿದ ಮೇಲೆ ಹಿಡಿಯನ್ನು ಹಿಡಿದು ಎಡಕ್ಕೂ ಬಲಕ್ಕೂ ಎರಡು ಮೂರು ಮಿಲಿಮೀಟರಿನಷ್ಟು, ಬೀಗದಲ್ಲಿ ಕೀಲಿ ಅಲ್ಲಾಡಿಸುವ ಹಾಗೆ, ಏಳೆಂಟು ಸಲ ತಿರುಚಿ. ಹೊಲಿಗೆ ಕಿರುಗುಟ್ಟುವಷ್ಟು ಬಲ ಬೇಡ. ಆಮೇಲೆ ರಾತ್ರಿಯಿಡೀ ಹಾಗೇ ಬಿಡಿ, ಬೀಗ ಹಾಕಿದ ಕಪಾಟಿನಲ್ಲಿ.

ಬೆಳಿಗ್ಗೆ ಚೀಲ ತೆಗೆದು ಬರಿಯ ಪಿಸ್ತೂಲನ್ನು ಹಾಕಿ ನೋಡಿ. ಸಾಮಾನ್ಯವಾಗಿ ಒಂದೋ ಎರಡೋ ರಾತ್ರಿಗೆ ಚರ್ಮ ಬಗ್ಗುತ್ತದೆ. ಕುದುರೆಯ ಚರ್ಮದ್ದಾದರೆ ಅದು ಹೆಚ್ಚು ಒತ್ತೊತ್ತಾದ ಚರ್ಮ, ಇನ್ನೊಂದೆರಡು ರಾತ್ರಿ ಹಿಡಿಯಬಹುದು. ಬೇಗ ಆಗಲಿ ಎಂದು ಚೀಲದ ಬದಲು ಬಟ್ಟೆಯನ್ನೋ ಕಾಲುಚೀಲವನ್ನೋ ಸುತ್ತಿ ತುರುಕುವವರಿದ್ದಾರೆ. ಅಷ್ಟು ದಪ್ಪಕ್ಕೆ ಹಿಗ್ಗಿದ ಚರ್ಮ ವಾಪಸ್ ಬರುವುದಿಲ್ಲ. ಪಿಸ್ತೂಲಿನ ಬದಲು ತಯಾರಕರು ಬಳಸುವ ಗಟ್ಟಿ ಪ್ಲಾಸ್ಟಿಕ್ಕಿನ ಪಡಿಯಚ್ಚು ಸಿಕ್ಕರೆ ಅದೇ ಉತ್ತಮ. ನಿಜವಾದ ಪಿಸ್ತೂಲನ್ನು ರಾತ್ರಿಯಿಡೀ ಚೀಲದಲ್ಲಿಟ್ಟರೆ ತೇವ ಒಳಗೇ ನಿಲ್ಲುತ್ತದೆ, ತೆಗೆದ ಕೂಡಲೇ ಒರೆಸಿಡಬೇಕು. ಚೀಲದ ಚೂರು ಹರಿದು ಹೋಲ್ಸ್ಟರಿನ ಒಳಗೋ ಟ್ರಿಗರ್ ಗಾರ್ಡಿನಲ್ಲೋ ಉಳಿದಿಲ್ಲ ಎಂದು ಬೆಳಕು ಬಿಟ್ಟು ನೋಡುವುದನ್ನು ಮಾತ್ರ ಎಂದೂ ಮರೆಯಬೇಡಿ.

ಇಷ್ಟಾದ ಮೇಲೂ ಹೊಳಪಿನ ಜಾಗಗಳಲ್ಲಿ ಕೊಂಚ ಹಿಡಿದಂತೆ ಅನ್ನಿಸಿದರೆ ಒಣ ಮೇಣ ನಡೆಯುತ್ತದೆ. ಮೇಣ ಸವರಿದ ಕಾಗದವನ್ನು ಬೆರಳಿಗೆ ಸುತ್ತಿ ಆ ಜಾಗಗಳನ್ನಷ್ಟೇ ಉಜ್ಜಿ. ಹೋಲ್ಸ್ಟರಿನ ಒಳಮೈಗೆಂದೇ ತಯಾರಾದ ದ್ರಾವಣಗಳೂ ಇವೆ, ಅವೂ ಆದೀತು. ಇವು ಮೇಲ್ಮೈಯನ್ನು ಜಾರಿಸುತ್ತವೆ, ಎಣ್ಣೆಯ ಹಾಗೆ ನಾರಿನೊಳಕ್ಕೆ ಇಳಿದು ಮೆತ್ತಗೆ ಮಾಡುವುದಿಲ್ಲ. ಹಚ್ಚಿದ ಕೈಯನ್ನು ತೊಳೆದೇ ಪಿಸ್ತೂಲಿನ ಹಿಡಿ ಮುಟ್ಟಿ.

ಮೇಲಿನ ಪಟ್ಟಿಯ ಬಗ್ಗೆ ಅವಸರ ಬೇಡ. ಗುಂಡಿ ಕೂರದಿರುವುದಕ್ಕೆ ಬಹುಪಾಲು ಕಾರಣ ಪಿಸ್ತೂಲು ಇನ್ನೂ ತಳ ಮುಟ್ಟದಿರುವುದೇ. ಅರ್ಧ ಬೆರಳು ಮೇಲೆ ನಿಂತ ಪಿಸ್ತೂಲಿಗೆ ಪಟ್ಟಿಯೂ ಅರ್ಧ ಬೆರಳು ಸಾಲದು. ಚೀಲದ ಕೆಲಸ ಮುಗಿದ ಮೇಲೆ ಮತ್ತೆ ಹಾಕಿ ನೋಡಿ. ಆಗಲೂ ಎರಡು ಮೂರು ಮಿಲಿಮೀಟರ್ ಸಾಲದಿದ್ದರೆ, ಪಟ್ಟಿಯನ್ನು ಬೆರಳುಗಳಲ್ಲಿ ಹಿಡಿದು ಉದ್ದಕ್ಕೆ ಜಗ್ಗಿ ಜಗ್ಗಿ ಬಿಡಿ. ಗುಂಡಿ ಕೂತ ದಿನ ರಾತ್ರಿಯಿಡೀ ಖಾಲಿ ಪಿಸ್ತೂಲಿನ ಮೇಲೆ ಹಾಕಿಯೇ ಇಡಿ. ಹೆಬ್ಬೆರಳಿನಿಂದ ತಳ್ಳುವ ತುದಿಯನ್ನು ಬಗ್ಗಿಸಬೇಡಿ, ಅದರೊಳಗೆ ಗಡಸು ತಗಡು ಇರುತ್ತದೆ, ಮಡಚಿದರೆ ಮುಗಿಯಿತು. ನಿಮ್ಮದು 1911 ಎಂಬ ಮಾದರಿಯಂಥ, ಹೊರಗೆ ಕಾಣುವ ಸುತ್ತಿಗೆಯ ಪಿಸ್ತೂಲಾದರೆ ಇನ್ನೊಂದು ಸಂಗತಿಯಿದೆ. ಕೆಲವು ಪಟ್ಟಿಗಳು ಸುತ್ತಿಗೆ ಎಳೆದು ಸೇಫ್ಟಿ (ಗುಂಡು ಹಾರದಂತೆ ತಡೆಯುವ ಸನ್ನೆ) ಹಾಕಿಟ್ಟ ಸ್ಥಿತಿಗೆ ಅಳೆದವು, ಕೆಲವು ಸುತ್ತಿಗೆ ಇಳಿಸಿಟ್ಟ ಸ್ಥಿತಿಗೆ. ಒಂದಕ್ಕೆ ಅಳೆದದ್ದು ಇನ್ನೊಂದಕ್ಕೆ ಕೂರದಿರಬಹುದು. ಗುಂಡಿ ಕೂರಲಿ ಎಂದು ಪಿಸ್ತೂಲು ಇಟ್ಟುಕೊಳ್ಳುವ ಕ್ರಮವನ್ನೇ ಬದಲಿಸಬೇಡಿ. ನೀವು ಕಲಿತ ಕ್ರಮಕ್ಕೆ ಹೊಂದುವ ಪಟ್ಟಿ ಹಾಕಿಸಿಕೊಳ್ಳಿ.

ಇಲ್ಲಿಂದ ಮುಂದಿನದು ಅಭ್ಯಾಸ. ಖಾಲಿ ಪಿಸ್ತೂಲಿನಲ್ಲಿ, ಗಟ್ಟಿ ಗೋಡೆಯ ಕಡೆ ಮುಖ ಮಾಡಿ ದಿನಕ್ಕೆ ಇಪ್ಪತ್ತು ಮೂವತ್ತು ಸಲ ಎಳೆದು ಹಾಕಿ. ನಿಧಾನವಾಗಿ, ಬೆರಳು ಟ್ರಿಗರ್ ಗಾರ್ಡಿನಿಂದ ಹೊರಗೆ ಪಿಸ್ತೂಲಿನ ಮೈಯುದ್ದಕ್ಕೆ ಚಾಚಿಕೊಂಡೇ ಇರಲಿ. ಒಂದು ವಾರದಲ್ಲಿ ನೂರೈವತ್ತು ಇನ್ನೂರು ಸಲವಾಗುತ್ತದೆ. ನಿಜವಾದ ಪಳಗುವಿಕೆ ಆಗುವುದು ಈ ಸಾವಕಾಶದ ಉಜ್ಜಾಟದಲ್ಲೇ, ಮೈಯ ಶಾಖವೂ ಅದಕ್ಕೆ ಸೇರಿಕೊಳ್ಳುತ್ತದೆ. ಈ ವಾರದಲ್ಲಿ ಇನ್ನೆರಡನ್ನು ಗಮನಿಸಿ. ಒಳಗೆ ಹಾಕಿದಾಗ ಬಿಗಿ ಚರ್ಮ ಮ್ಯಾಗಜಿನ್ ಬಿಡಿಸುವ ಗುಂಡಿಯನ್ನು ಒತ್ತಿ, ಖಾಲಿ ಮ್ಯಾಗಜಿನ್ ಕೆಳಗೆ ಜಾರಿದೆಯೇ? ಎಳೆಯುವಾಗಲೋ ಹಾಕುವಾಗಲೋ ಸೇಫ್ಟಿಯ ಸನ್ನೆ ತಾನಾಗಿ ಕೆಳಗಿಳಿದಿದೆಯೇ? ಎರಡರಲ್ಲಿ ಯಾವುದಾದರೂ ಒಂದು ಸಲ ಆದರೂ ಆ ಹೋಲ್ಸ್ಟರ್ ಇನ್ನೂ ಕೆಲಸಕ್ಕೆ ಸಿದ್ಧವಿಲ್ಲ.

ಎಲ್ಲಿ ನಿಲ್ಲಿಸಬೇಕು ಎಂಬುದು ನೀವು ಕೇಳದ, ಆದರೆ ಬಹಳ ಮುಖ್ಯವಾದ ಪ್ರಶ್ನೆ. ಖಾಲಿ ಪಿಸ್ತೂಲನ್ನು ಹೋಲ್ಸ್ಟರಿನಲ್ಲಿಟ್ಟು, ಪಟ್ಟಿ ಬಿಚ್ಚಿ, ಹಾಸಿಗೆಯ ಮೇಲೆ ಒಂದು ಗೇಣು ಎತ್ತರದಲ್ಲಿ ತಲೆಕೆಳಗಾಗಿ ಹಿಡಿದು ಮೆಲ್ಲಗೆ ಕುಲುಕಿ. ಬೀಳಬಾರದು. ಅದೇ ಹೊತ್ತಿಗೆ ಸೊಂಟಕ್ಕೆ ಕಟ್ಟಿ ಒಂದೇ ಕೈಯಲ್ಲಿ ಎಳೆದರೆ ಬೆಲ್ಟು ಅಲುಗದೆ ಬರಬೇಕು. ಇವೆರಡೂ ಒಟ್ಟಿಗೆ ಸಾಧಿಸಿದ ದಿನ ಚೀಲ, ಮೇಣ ಎಲ್ಲ ಬಿಟ್ಟುಬಿಡಿ, ಕೊಂಚ ಬಿಗಿ ಉಳಿದಿದೆ ಅನ್ನಿಸಿದರೂ ಸರಿಯೇ. ಉಳಿದದ್ದನ್ನು ದಿನದ ಬಳಕೆ ನೋಡಿಕೊಳ್ಳುತ್ತದೆ. ಮೊದಲ ಪರೀಕ್ಷೆಯಲ್ಲೇ ಪಿಸ್ತೂಲು ಜಾರಿ ಬಿದ್ದರೆ, ಅಥವಾ ಪಿಸ್ತೂಲು ತೆಗೆದ ಮೇಲೆ ಹೋಲ್ಸ್ಟರಿನ ಬಾಯಿ ತೆರೆದೇ ನಿಲ್ಲದಿದ್ದರೆ, ಅದು ಅಗತ್ಯಕ್ಕಿಂತ ಹೆಚ್ಚು ಸಡಿಲವಾಗಿದೆ, ಕಟ್ಟಿಕೊಳ್ಳಬೇಡಿ.

ರಾತ್ರಿ ಪಿಸ್ತೂಲನ್ನು ಹೋಲ್ಸ್ಟರಿನಲ್ಲೇ ಬಿಟ್ಟು ಮಲಗುವ ರೂಢಿಯಿದ್ದರೆ, ಪಳಗಿದ ನಂತರ ಅದನ್ನೂ ಬಿಡಿ. ಒಗರಿನ ಚರ್ಮಕ್ಕೆ ಹುಳಿಯ ಗುಣವಿದೆ, ತೇವ ಸೇರಿದರೆ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ತೋಟಾ ಸಿಕ್ಕಿಸುವ ಚರ್ಮದ ಬೆಲ್ಟಿನಲ್ಲಿ ತಿಂಗಳುಗಟ್ಟಲೆ ಉಳಿದ ಹಿತ್ತಾಳೆಯ ತೋಟಾಗಳ ಮೇಲೆ ಹಸಿರು ಕಿಲುಬು ಏರುವುದು ಇದರಿಂದಲೇ.

ನಾಲ್ಕು ರಾತ್ರಿ ಚೀಲ, ಒಂದು ವಾರದ ಅಭ್ಯಾಸ ಇಷ್ಟಾದರೂ ಎಡಗೈ ಆಸರೆಯಿಲ್ಲದೆ ಬಾರದಿದ್ದರೆ, ಹೊಲಿಗೆಯ ಗೆರೆಯೇ ಪಿಸ್ತೂಲಿಗೆ ತೀರಾ ಹತ್ತಿರ ಬಂದಿರಬೇಕು. ಅದನ್ನು ಯಾವ ಪಳಗಿಸುವಿಕೆಯೂ ಸರಿಮಾಡದು, ಹೋಲ್ಸ್ಟರನ್ನು ತಯಾರಕರಿಗೆ ವಾಪಸ್ ಕಳಿಸಿ. ಕಳಿಸುವಾಗ ಪಿಸ್ತೂಲಿನ ಪೂರ್ತಿ ಮಾದರಿ, ರೈಲ್ ಇದೆಯೋ ಇಲ್ಲವೋ, ಗುರಿಕಣ್ಣು ಮೂಲದ್ದೋ ಬದಲಿಸಿದ್ದೋ, ನಿಮ್ಮ ಬೆಲ್ಟಿನ ಅಗಲ ಎಷ್ಟು ಎಂದು ಚೀಟಿಯಲ್ಲಿ ಬರೆದಿಡಿ. ಪಿಸ್ತೂಲು ಎಲ್ಲಿಯವರೆಗೆ ಇಳಿದು ನಿಲ್ಲುತ್ತದೆಯೋ ಆ ಜಾಗದಲ್ಲಿ ಹೊರಮೈ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಿಟ್ಟರೆ ಇನ್ನೂ ಒಳ್ಳೆಯದು. ಆ ಗೆರೆ ಕಂಡರೆ ಹೊಲಿಗೆಯನ್ನು ಎಲ್ಲಿ ಬಿಚ್ಚಬೇಕು ಎಂಬುದು ನಮ್ಮಂಥವರಿಗೆ ನೋಡಿದ ಕೂಡಲೇ ತಿಳಿಯುತ್ತದೆ.